ಅಲ್ಲ ಎಂದವಳ ಅಂಗಳದಲ್ಲಿ ನಿಂತ ಸ್ಕೂಟರ್

"ಸ್ವಲ್ಪ ನೀರು ಸಿಗ್ತದಾ?"

ಗಂಡಸಿನ ಧ್ವನಿ ಕೇಳಿ ಬೆನಿಟಾ ತಲೆ ಎತ್ತಿದಳು. ಎತ್ತಿದವಳಿಗೆ ಮತ್ತೆ ತಗ್ಗಿಸಲಿಕ್ಕೂ ಆಗಲಿಲ್ಲ.

ಅಂಗಳದ ತುದಿಯಲ್ಲಿ ಒಬ್ಬ ಯುವಕ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತಿದ್ದ. ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ಏದುಸಿರು ಬಿಡುತ್ತಿದ್ದ.

ಪಿಯುಸ್...



ಅವಳನ್ನು ಮದುವೆಯಾಗಬೇಕಾದ ಪಿಯುಸ್. ಅವನನ್ನು ಅವಳು ನೋಡಿದ್ದು ಒಂದೇ ಸಲ, ಬಿಜೈಯಲ್ಲಿ ಚಿಕ್ಕಮ್ಮ ಡಾಲಿಬಾಯಿಯ ಮನೆಯಲ್ಲಿ ಮಾತುಕತೆ ಆದ ದಿನ. ಆ ದಿನ ಮೈಮೇಲೆ ಚಿಕ್ಕಮ್ಮನ ರೇಷ್ಮೆ ಸೀರೆ ಇತ್ತು. ಈಗ ಮಾಸಿದ ವಾಯಿಲ್ ಸೀರೆ, ತೋಳಿನಲ್ಲಿ ಹರಿದು ಹೊಲಿದ ರವಿಕೆ. ಮಡಿಲಲ್ಲಿ ಮೊರದಂಥ ಗೆರಸೆ. ಗೆರಸೆಯ ತುಂಬ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ, ಕತ್ತರಿ.

ಗೆರಸೆಯನ್ನು ಎಲ್ಲಿ ಅಡಗಿಸುವುದು? ಹಳದಿಗಟ್ಟಿದ ಈ ಬೆರಳುಗಳನ್ನು ಎಲ್ಲಿ ಅಡಗಿಸುವುದು?

ಅವನು ಅವಳನ್ನೇ ನೋಡಿದ. ಗೆರಸೆಯನ್ನೂ ನೋಡಿದ. ಮೆಲ್ಲಗೆ ಕೇಳಿದ.

"ನೀವು... ಬೆನಿಟಾ ಅಲ್ವಾ?"

"ಅಲ್ಲ."

ಮಾತು ಅವಳಿಗಿಂತ ಮುಂಚೆ ಬಾಯಿಂದ ಹೊರಟುಹೋಗಿತ್ತು.

"ಅಲ್ಲ... ನಾನು ಇಲ್ಲಿ ಬೀಡಿ ಕಟ್ಟಲಿಕ್ಕೆ ಬರುವವಳು. ಮನೆಯವರು ಯಾರೂ ಇಲ್ಲ."

ಅವನ ಮುಖದಲ್ಲಿದ್ದ ಒಂದು ಬೆಳಕು ಆರಿದ ಹಾಗಾಯಿತು. ಆದರೆ ಬೆನಿಟಾ ಅದನ್ನು ನೋಡಲಿಲ್ಲ. ಅವಳ ಕಣ್ಣು ನೆಲದಲ್ಲಿತ್ತು.

"ಹೌದಾ," ಎಂದ ಅವನು. "ತಪ್ಪು ತಿಳ್ಕೊಂಡೆ. ಬೇಸರ ಮಾಡಬೇಡಿ."

ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಕೈಗೆ ಕೊಡಲಿಲ್ಲ. ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದಳು.

ಸ್ಕೂಟರಿನ ಚೈನು ಒಳಗೇ ತುಂಡಾಗಿತ್ತು. ತುಂಡಾದದ್ದು ಮುದ್ದೆಯಾಗಿ ಸಿಕ್ಕಿಕೊಂಡು ಹಿಂದಿನ ಗಾಲಿ ತಿರುಗುತ್ತಲೇ ಇರಲಿಲ್ಲ. ತಳ್ಳಿಕೊಂಡು ಹೋಗುವ ಹಾಗೂ ಇಲ್ಲ, ದಾರಿಯಲ್ಲಿ ಬಿಡುವ ಹಾಗೂ ಇಲ್ಲ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಐಸಮ್ಮ ಬಂದಳು. ನೆರೆಮನೆಯವಳು, ಅವಳೂ ಬೀಡಿ ಕಟ್ಟುವವಳೇ. ಸ್ಕೂಟರ್ ಕಂಡರೆ ಕೇರಿಯೇ ಹೊರಗೆ ಬರುತ್ತಿದ್ದ ಕಾಲ ಅದು.

"ಎಂತ ಮಗಾ, ಇದು ಕೋಣನ ಹಾಗೆ ಕಾಲೂರಿ ನಿಂತಿದೆಯಲ್ಲ?"

"ಚೈನು ಹೋಯಿತು, ಅಮ್ಮ. ನಾಳೆ ಶನಿವಾರ, ನನಗೆ ಅರ್ಧ ದಿನ ಕೆಲಸ. ಹೊಸ ಚೈನು ತಂದು ಇಲ್ಲೇ ಹಾಕಿ ತಗೊಂಡು ಹೋಗ್ತೇನೆ. ಇವತ್ತಿನ ಮಟ್ಟಿಗೆ ಅಂಗಳದಲ್ಲಿ ಇಡಬಹುದಾ?"

"ಇಡು ಮಾರಾಯ. ಇದನ್ನು ಯಾರು ಕದ್ದುಕೊಂಡು ಹೋಗ್ತಾರೆ? ಹೊತ್ತುಕೊಂಡೇ ಹೋಗಬೇಕಷ್ಟೆ," ಎಂದ ಐಸಮ್ಮ ಬೆನಿಟಾಳ ಕಡೆ ತಿರುಗಿದಳು. "ನೀನೆಂತ ಕಲ್ಲಿನ ಹಾಗೆ ನಿಂತದ್ದು? ಹಿಂದಿನಿಂದ ಎತ್ತು."

ಹೆಸರು ಹಿಡಿದು ಕರೆದರೆ? ಬೆನಿಟಾ ಹೆದರಿ ಓಡಿಬಂದು ಎತ್ತಿದಳು. ಮೂವರೂ ಸೇರಿ ಸ್ಕೂಟರನ್ನು ಹಲಸಿನ ಮರದ ನೆರಳಿಗೆ ಸಾಗಿಸಿದರು. ಅವನು ಕೈಮುಗಿದು, ತನ್ನೂರು ನೀರುಮಾರ್ಗದ ಬಸ್ಸು ಹಿಡಿಯಲು ಹೊರಟುಹೋದ.

ಐಸಮ್ಮ ಅವನ ಬೆನ್ನು ಕಾಣುವಷ್ಟು ಹೊತ್ತೂ ನೋಡಿದಳು.

"ಒಳ್ಳೆಯ ಹುಡುಗ. ನಿನ್ನ ಮದುವೆ ನಿಶ್ಚಯ ಆಗದೇ ಇದ್ದಿದ್ದರೆ..."

"ಐಸಮ್ಮಾ, ಒಮ್ಮೆ ಸುಮ್ಮನಿರು ಮಾರಾಯ್ತಿ."

ಬೆನಿಟಾಳ ಕಣ್ಣು ತುಂಬಿದ್ದು ಕಂಡು ಐಸಮ್ಮ ಏನೂ ಅರ್ಥವಾಗದೆ ಬೇಲಿ ದಾಟಿದಳು.

ಬೆನಿಟಾಳ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ತಾಯಿ ಹೆಲನ್‌ಬಾಯಿಯೂ ಬೆನಿಟಾಳೂ ಬೀಡಿ ಕಟ್ಟಿಯೇ ಬದುಕಿದ್ದು. ಅದರಲ್ಲಿ ನಾಚುವಂಥದ್ದು ಏನಿದೆ ಎಂದು ಈಗ ಕೇಳಬಹುದು. ಆಗ ಕ್ರಿಸ್ತುವರ ಮನೆಗಳಲ್ಲಿ ಹೆಣ್ಣುಮಕ್ಕಳು ಟೀಚರ್ ಆಗಬೇಕು, ನರ್ಸ್ ಆಗಬೇಕು. ಬೀಡಿಯ ಗೆರಸೆ ಹಿಡಿದವಳಿಗೆ ಸಂಬಂಧ ಬರುವುದು ಕಷ್ಟ. ಅದಕ್ಕೇ ಡಾಲಿಬಾಯಿ ಪಿಯುಸನ ಮನೆಯವರಿಗೆ ಬೇರೆಯೇ ಹೇಳಿದ್ದಳು.

"ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸ್ತಾಳೆ ಅಂತ ಹೇಳಿದ್ದೇನೆ. ಕುಲಶೇಖರದಲ್ಲಿರುವ ನಿಮ್ಮ ಮನೆಯ ಹೆಂಚಿನ ಮಾಡು ರಿಪೇರಿ, ಅದಕ್ಕೇ ಇಲ್ಲಿ ಮಾತುಕತೆ ಅಂತ ಹೇಳಿದ್ದೇನೆ. ನೀನು ಬಾಯಿ ಬಿಡಬೇಡ. ಮದುವೆ ಒಂದು ಆಗಲಿ, ಮತ್ತೆ ಯಾರು ಕೇಳ್ತಾರೆ?"

ಬೆನಿಟಾ ಬಾಯಿ ಬಿಡಲಿಲ್ಲ.

ಇಗರ್ಜಿಯಲ್ಲಿ ಹೆಸರು ಓದುವುದೂ ಶುರುವಾಗಿತ್ತು. ಮದುವೆಗೆ ಮೊದಲು ಮೂರು ಭಾನುವಾರ, ಪೂಜೆಯ ಹೊತ್ತಿನಲ್ಲಿ, ಪಾದ್ರಿಗಳು ಗಂಡಿನ ಹೆಸರು, ಹೆಣ್ಣಿನ ಹೆಸರು ಓದಿ ಹೇಳುತ್ತಾರೆ. ಅಡ್ಡಿ ಇದ್ದವರು ತಿಳಿಸಬೇಕು. ಎರಡು ಭಾನುವಾರ ಓದಿ ಆಗಿತ್ತು. ಉಳಿದದ್ದು ನಾಡಿದ್ದಿನದು. ಹೆಸರು ಓದುವ ದಿನಗಳಲ್ಲಿ ಗಂಡು ಹೆಣ್ಣಿನ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಹತ್ತಿದರೆ ಎರಡು ಮನೆಗೂ ಅವಮಾನ.

ಕತ್ತಲಾಗುವ ಮೊದಲು ಬೀಡಿ ಡಿಪೋದಿಂದ ತಾಯಿ ಬಂದರು. ಸ್ಕೂಟರ್ ಕಂಡು ಅಂಗಳದಲ್ಲೇ ನಿಂತರು. ಬೆನಿಟಾ ಎಲ್ಲವನ್ನೂ ಹೇಳಿದಳು.

ಹೆಲನ್‌ಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವನ ಎದುರಿಗೆ ನೀನು ನೀನೇ ಅಲ್ಲ ಅಂದೆಯಾ, ಬಾಯೆ?"

"ಹೂಂ..."

"ನಾಳೆ ಅವನು ಬರುವಾಗ ನಾನು ಅಡಿಗೆಕೋಣೆಯಿಂದ ಹೊರಗೆ ಬರುವುದಿಲ್ಲ. ಬಂದರೆ ನಿನ್ನ ಮಾತು ಸುಳ್ಳಾಗ್ತದೆ." ತಾಯಿ ಸೆರಗಿನಿಂದ ಮುಖ ಒರೆಸಿದರು. "ಅವನ ಮುಖ ನೋಡ್ಲಿಕ್ಕೆ ನನಗೂ ಧೈರ್ಯ ಇಲ್ಲ. ಡಾಲಿ ಸುಳ್ಳು ಹೇಳುವಾಗ ಪಕ್ಕದಲ್ಲಿ ಕೂತು ಕಾಫಿ ಕುಡಿದವಳು ನಾನು."

ಆ ಸಂಜೆಯ ಜಪಮಾಲೆಯಲ್ಲಿ ತಾಯಿ-ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶನಿವಾರ ಮಧ್ಯಾಹ್ನ ದಾಟಿದ ಮೇಲೆ ಪಿಯುಸ್ ಬಂದ. ಗೋಣಿಚೀಲದಲ್ಲಿ ಸ್ಪ್ಯಾನರುಗಳು, ಎಣ್ಣೆಯ ಡಬ್ಬಿ, ಕಾಗದದಲ್ಲಿ ಸುತ್ತಿದ ಹೊಸ ಚೈನು. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ನಡೆಯುತ್ತಿತ್ತು, ಅಲ್ಲಿಯ ಸ್ಟೋರಿನಲ್ಲಿ ಅವನು ಗುಮಾಸ್ತ. ಮೆಕ್ಯಾನಿಕ್ ಅಲ್ಲ. ಯಾರೋ ಮಾಡುವುದನ್ನು ನೋಡಿ ಕಲಿತ ಧೈರ್ಯ ಅಷ್ಟೆ.

ಬೆನಿಟಾ ಜಗಲಿಯ ಕಂಬಕ್ಕೆ ಒರಗಿ ಗೆರಸೆ ಹಿಡಿದು ಕೂತಿದ್ದಳು. ಕೂಲಿಗೆ ಬಂದವಳ ಹಾಗೆ ಕೂರಬೇಕಲ್ಲ... ಎಲೆ ಸುರುಟುವ ಬೆರಳು ಮಾತ್ರ ತಪ್ಪುತ್ತಿತ್ತು.

ಅವನು ಬದಿಯ ತಗಡು ತೆಗೆದ. ಕೆಳಗಿನ ತಿರುಪು ಬಿಚ್ಚಿದ. ಕಪ್ಪು ಎಣ್ಣೆ ಬಳಬಳ ಅಂಗಳಕ್ಕೆ ಸುರಿಯಿತು.

"ಅಯ್ಯೊ, ಕೆಳಗೆ ಇಡ್ಲಿಕ್ಕೆ ಎಂತದೂ ತರಲೇ ಇಲ್ಲ ನಾನು..."

ಅವಳು ಹಳೆಯ ಬೋಗುಣಿ ತಂದು ಕೆಳಗೆ ತಳ್ಳಿದಳು.

"ಗುಡಿಸಿ ನೀರು ಹಾಕಿದ ಅಂಗಳ," ಎಂದಳು, ತಡೆಯಲಾಗದೆ.

"ಮನೆಯವರು ನಿಮಗೆ ಬೈತಾರಾ?"

"...ಬೈತಾರೆ."

"ಹಾಗಾದರೆ ನಾನು ಮಾಡಿದ್ದು ಅಂತ ಹೇಳಿ."

ಒಳಗೆ ಅಡಿಗೆಕೋಣೆಯಲ್ಲಿ ಯಾರೋ ಕೆಮ್ಮಿ, ಆ ಕೆಮ್ಮನ್ನು ಬಾಯಿಯಲ್ಲೇ ಅದುಮಿದ ಸದ್ದು ಬಂತು. ಪಿಯುಸ್ ತಲೆ ಎತ್ತಲಿಲ್ಲ.

"ಬೆಕ್ಕು," ಎಂದಳು ಬೆನಿಟಾ.

"ಶೀತ ಆಗಿರಬೇಕು ಪಾಪ, ಬೆಕ್ಕಿಗೆ."

ಉದ್ದದ ಮುಚ್ಚಳ ತೆಗೆದಾಗ ಹಳೆಯ ಚೈನು ಮುದ್ದೆಯಾಗಿ ಬಿದ್ದಿತ್ತು. ಅದನ್ನು ಹೊರಗೆಳೆದು, ಗೋಣಿಯ ಮೇಲೆ ಹರಡಿ ನೋಡಿದ. ಒಂದು ಕೊಂಡಿ ಪುಡಿಯಾಗಿತ್ತು. ಅದರ ಚೂರು ಒಳಗೆ ಉಳಿದರೆ ಹೊಸ ಚೈನನ್ನೂ ತಿಂದುಹಾಕುತ್ತದೆ. ಅವನು ಎಣ್ಣೆಯೊಳಗೆ ಬೆರಳಾಡಿಸಿ ಹುಡುಕಿದ. ಸಿಗಲಿಲ್ಲ.

"ನಿಮ್ಮ ಬೆರಳು ಸಪೂರ ಉಂಟು. ಒಂದು ಸಲ ನೋಡ್ತೀರಾ?"

ಬೆರಳು. ನಿನ್ನೆಯಿಂದ ಅವಳು ಅಡಗಿಸಬೇಕೆಂದಿದ್ದ ಬೆರಳು...

ಹೋಗಿ ಕೂತಳು. ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಹಾಕಿದಳು. ಮೂಲೆಯಲ್ಲಿ ಸಿಕ್ಕಿದ ಕಬ್ಬಿಣದ ಚೂರನ್ನು ಮೆಲ್ಲಗೆ ಎಳೆದು ಅವನ ಅಂಗೈಗೆ ಹಾಕಿದಳು. ಅವಳ ಕೈ ಕಪ್ಪು, ಅವನ ಕೈಯೂ ಕಪ್ಪು. ಹಳದಿ ಎಲ್ಲಿತ್ತೆಂದು ಈಗ ಯಾರಿಗೂ ಕಾಣುವಂತಿರಲಿಲ್ಲ. ಆದರೂ ಅವಳ ಸಂಕಟ ಕಡಿಮೆಯಾಗಲಿಲ್ಲ. ಇಷ್ಟು ಹತ್ತಿರ ಕೂತು ಇಷ್ಟು ದೊಡ್ಡ ಸುಳ್ಳು... ದೇವರೇ, ಇವನು ಒಳ್ಳೆಯವನಾಗಿರದಿದ್ದರೆ ಎಷ್ಟು ಸುಲಭ ಇತ್ತು.

ಹೊಸ ಚೈನಿಗೆ ಬಿಚ್ಚುವ ಕೊಂಡಿ ಇರಲಿಲ್ಲ. ಬಳೆಯ ಹಾಗೆ ಇಡೀ ಸುತ್ತು. ಅದನ್ನು ಹಿಂದಿನ ದೊಡ್ಡ ಚಕ್ರಕ್ಕೂ ಮುಂದಿನ ಚಿಕ್ಕ ಚಕ್ರಕ್ಕೂ ಹೊರಗೇ ತೊಡಿಸಿ, ಎರಡು ಚಕ್ರಗಳನ್ನೂ ಒಂದೇ ಸಮನೆ ಒಳಗೆ ತಳ್ಳಬೇಕು. ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಚೈನು ಎಳೆದು ಹಿಡಿಯುತ್ತದೆ. ಒಬ್ಬನ ಎರಡು ಕೈಗೆ ಆಗುವ ಕೆಲಸವಲ್ಲ.

ಚಿಕ್ಕ ಚಕ್ರ ಅವಳು ಹಿಡಿದಳು. ದೊಡ್ಡದು ಅವನು. ಕೈ ಬಿಟ್ಟರೆ ಎಲ್ಲ ಕೆಳಗೆ.

"ಮೆಲ್ಲ... ನನ್ನ ಜೊತೆಗೇ ಬನ್ನಿ. ಹಾಂ, ಅಷ್ಟೆ."

ಅರ್ಧದಷ್ಟು ಒಳಗೆ ಹೋದ ಮೇಲೆ ಅವನು ಕೈ ನಿಲ್ಲಿಸಿದ.

"ಈ ಮನೆಯ ಮಗಳಿಗೆ ಒಂದು ಮಾತು ಮುಟ್ಟಿಸ್ತೀರಾ?"



"...ಎಂತ ಮಾತು?"

"ನಾಳೆ ಕೊನೆಯ ಸಲ ಹೆಸರು ಓದ್ತಾರೆ. ಅದಕ್ಕೆ ಮೊದಲೇ, ಇವತ್ತು ಸಂಜೆ ನಾನು ಪಾದ್ರಿಗಳ ಹತ್ತಿರ ಹೋಗಿ ಓದುವುದು ಬೇಡ ಅಂತ ಹೇಳ್ತೇನೆ. ತಪ್ಪು ನನ್ನದು ಅಂತಲೇ ಹೇಳ್ತೇನೆ. ಊರಿನವರು ಅವಳನ್ನು ಆಡಿಕೊಳ್ಳಬಾರದು. ಅವಳು ಹೆದರಬೇಕಾಗಿಲ್ಲ ಅಂತ ತಿಳಿಸಿ."

ಗೊತ್ತಾಗಿದೆ. ಚಿಕ್ಕಮ್ಮನ ಸುಳ್ಳು ಗೊತ್ತಾಗಿದೆ... ಬೆನಿಟಾಳ ಕಿವಿ ಬಿಸಿಯಾಯಿತು. ಎದ್ದು ಓಡೋಣವೆಂದರೆ ಕೈಯಲ್ಲಿ ಚಕ್ರ.

"ಯಾಕೆ? ಅವಳಲ್ಲಿ ಎಂತ ಕುಂದು ಕಂಡಿತು?"

"ಕುಂದು? ನನಗೆ ಎಂತ ಕುಂದೂ ಕಾಣಲಿಲ್ಲ. ಅವಳಿಗೆ ನನ್ನ ಮೇಲೆ ಮನಸ್ಸಿಲ್ಲ."

"ಹಾಗಂತ ಯಾರು ಹೇಳಿದ್ದು?"

"ಅವಳೇ."

"ಯಾವಾಗ?"

ಅವನು ಚಕ್ರದಿಂದ ಕಣ್ಣು ತೆಗೆಯಲಿಲ್ಲ.

"ನಿನ್ನೆ. ಈ ಅಂಗಳದಲ್ಲೇ."

ಅವಳ ಕೈ ಜಾರಿತು. ಚೈನು ಓರೆಯಾಗಿ ಎಳೆಯಿತು. ಎರಡು ಚಕ್ರಗಳೂ ಹೊರಗೆ ಬಂದವು.

ಅವನು ಬೈಯಲಿಲ್ಲ. ಮತ್ತೆ ತೊಡಿಸಿದ. ಮತ್ತೆ ಹಿಡಿದರು. ಈ ಸಲ ಚಕ್ರಗಳು ಜೊತೆಯಾಗಿ ಒಳಗೆ ಹೋಗಿ ಕೂತವು.

ನಿನ್ನೆಯೇ ಗುರುತು ಸಿಕ್ಕಿದೆ ಇವನಿಗೆ. ಗುರುತು ಸಿಕ್ಕಿಯೂ ಸುಮ್ಮನಿದ್ದ. ನಾನು ಗೆರಸೆಗೆ ನಾಚಿ ಅಲ್ಲ ಅಂದೆ. ಇವನು ಅದನ್ನು... ಅಯ್ಯೋ ದೇವಾ.

ಹೇಳು, ಬೆನಿಟಾ. ಈಗ ಹೇಳು.

ಹೇಳಹೊರಟರೆ ಎಲ್ಲವನ್ನೂ ಹೇಳಬೇಕು: ಹೊಲಿಗೆ ಟೀಚರ್ ಅಲ್ಲ, ರೇಷ್ಮೆ ಸೀರೆ ನನ್ನದಲ್ಲ, ಮಾಡಿಗೆ ರಿಪೇರಿಯೂ ಇಲ್ಲ. ಅವನು ತಿರುಪು ಬಿಗಿದ. ಮುಚ್ಚಳ ಹಾಕಿದ. ಎಣ್ಣೆ ಹೊಯ್ದ. ಪ್ರತಿಯೊಂದು ನಟ್ಟು ತಿರುಗುವಾಗಲೂ ಅವಳಿಗೆ ಹೊತ್ತು ಮುಗಿಯುತ್ತಿರುವುದು ಕಾಣುತ್ತಿತ್ತು. ಆದರೂ ತಲೆ ತಗ್ಗಿಸಿ ನಿಂತಿದ್ದಳು.

ಅವನು ಕಿಕ್ ಹೊಡೆದ. ಸ್ಕೂಟರ್ ಗುಡುಗಿತು. ಗೇರಿಗೆ ಹಾಕಿದ. ಹಿಂದಿನ ಗಾಲಿ ಸಲೀಸಾಗಿ ತಿರುಗಿತು.

"ಉಪಕಾರ ಆಯಿತು," ಎಂದ. "ಮನೆಯವರಿಗೂ ಹೇಳಿ."

ಸ್ಕೂಟರ್ ಅಂಗಳ ದಾಟತೊಡಗಿತು.

ಅವಳು ಓಡಿದಳು. ಸೆರಗು ಎಲ್ಲಿದೆ, ಐಸಮ್ಮ ಬೇಲಿಯಲ್ಲಿ ನಿಂತು ನೋಡುತ್ತಿದ್ದಾಳೆ, ಯಾವುದೂ ನೆನಪಿರಲಿಲ್ಲ. ಮುಂದೆ ಹೋಗಿ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಳು. ಬಿಳಿಯ ಬಣ್ಣದ ಮೇಲೆ ಕಪ್ಪು ಬೆರಳುಗಳು ಮೂಡಿದವು.

"ಬಂದ್ ಮಾಡಿ."

"ಎಂತ?"

"ಇದನ್ನು ಬಂದ್ ಮಾಡಿ. ನನಗೆ ಬೊಬ್ಬೆ ಹೊಡೆದು ಹೇಳ್ಲಿಕ್ಕೆ ಆಗುವುದಿಲ್ಲ."

ಅವನು ಬಂದ್ ಮಾಡಿದ. ಅಂಗಳದಲ್ಲಿ ಒಮ್ಮೆಲೇ ಮೌನ.

"ಬೆನಿಟಾ ನಾನೇ."

"ಗೊತ್ತುಂಟು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನೀವೇ ಅಲ್ಲ ಅಂದ ಮೇಲೆ ನಾನು ಹೇಗೆ ಹೌದು ಅನ್ನುವುದು?"

ಅವಳಿಗೆ ಅಳು ಬಂತು. ಒರೆಸಲು ಹೋಗಿ ಕೆನ್ನೆಗೆ ಎಣ್ಣೆ ಮೆತ್ತಿಕೊಂಡಳು.

"ನಾನು ನಿಮ್ಮನ್ನು ಬೇಡ ಅನ್ನಲಿಲ್ಲ. ನನ್ನನ್ನೇ ಬೇಡ ಅಂದುಕೊಂಡೆ. ನಾನು ಟೀಚರ್ ಅಲ್ಲ. ಕಾನ್ವೆಂಟಿನ ಗೇಟಿನ ಒಳಗೆ ಹೊಲಿಗೆಗೆ ಹೋದವಳೂ ಅಲ್ಲ. ನಾನೂ ಅಮ್ಮನೂ ಬೀಡಿ ಕಟ್ತೇವೆ. ಚಿಕ್ಕಮ್ಮ ಸುಳ್ಳು ಹೇಳುವಾಗ ನಾನು ಕೇಳಿಸಿಕೊಂಡು ಸುಮ್ಮನೆ ಕೂತೆ. ಯಾಕೆಂದರೆ..."

"ಯಾಕೆಂದರೆ?"

"ಯಾಕೆಂದರೆ ಆ ದಿನ ನೀವು ಕುಡಿದ ಕಾಫಿಯ ಲೋಟವನ್ನು ನೀವೇ ಒಳಗೆ ತಂದುಕೊಟ್ಟಿರಿ. ಗಂಡಿನ ಕಡೆಯವರು ಯಾರೂ ಹಾಗೆ ಮಾಡುವುದಿಲ್ಲ. ಈ ಮನುಷ್ಯ ತಪ್ಪಿ ಹೋಗದಿರಲಿ ಅಂತ ಅನಿಸಿತು. ಅದಕ್ಕೆ ಸುಮ್ಮನಿದ್ದೆ. ಅದು ಮೋಸ. ನೀವು ಪಾದ್ರಿಗಳ ಹತ್ತಿರ ಹೋಗುವುದಾದರೆ ಹೋಗಿ. ಆದರೆ ಅವಳಿಗೆ ಮನಸ್ಸಿರಲಿಲ್ಲ ಅಂತ ಮಾತ್ರ ಹೇಳಬೇಡಿ. ಸತ್ಯವನ್ನೇ ಹೇಳಿ."

ಅವನು ಹ್ಯಾಂಡಲಿನ ಮೇಲೆ ಮೂಡಿದ ಕಪ್ಪು ಬೆರಳುಗಳನ್ನು ನೋಡಿದ.

"ಸತ್ಯ ಹೇಳುವುದಾದರೆ ನನ್ನದೂ ಒಂದು ಉಂಟು," ಎಂದ. ಅವನ ಕಿವಿಯ ತುದಿ ಕೆಂಪಾಗಿತ್ತು. "ನೀರುಮಾರ್ಗಕ್ಕೆ ಹೋಗುವವನು ದೊಡ್ಡ ರಸ್ತೆ ಬಿಟ್ಟು ಈ ಓಣಿಗೆ ಯಾಕೆ ಬರಬೇಕು? ಹೆಲನ್‌ಬಾಯಿಯ ಮನೆ ಎಲ್ಲಿ ಅಂತ ಬೇಕರಿಯಲ್ಲಿ ಕೇಳಿಕೊಂಡು ಬಂದದ್ದು. ಹೆಸರು ಓದುವ ದಿನಗಳಲ್ಲಿ ಬರಬಾರದು ಅಂತ ನನಗೂ ಗೊತ್ತುಂಟು. ಒಂದು ಸಲ ನಿಮ್ಮನ್ನು ನೋಡಿ ಹಾಗೆಯೇ ಹೋಗುವ ಅಂತ... ಗೇರು ಬದಲಿಸದೆ ಏರು ಹತ್ತಿಸಿದೆ. ಚೈನು ತುಂಡಾಯಿತು. ನಿನ್ನೆಯಿಂದ ನನಗೆ ತಲೆ ಎತ್ತಲಿಕ್ಕೆ ನಾಚಿಕೆ."

ಬೇಲಿಯಿಂದ ಐಸಮ್ಮ ನಕ್ಕದ್ದು ಕೇಳಿಸಿತು.

"ಹಾಗಾದರೆ ಇವನೇನಾ ಮದುಮಗ? ನಾನು ನಿನ್ನೆ ಅವನ ಕೈಯಲ್ಲೇ ಸ್ಕೂಟರ್ ಎತ್ತಿಸಿದೆನಲ್ಲ."

"ಬೀಡಿಯ ವಿಷಯ..." ಎಂದಳು ಬೆನಿಟಾ.

"ನನ್ನ ಅಪ್ಪ ಹಳೆ ಬಂದರಿನ ಧಕ್ಕೆಯಲ್ಲಿ ಮೂಟೆ ಹೊತ್ತವರು. ಡಾಲಿಬಾಯಿ ಕೇಳಲಿಲ್ಲ, ನನ್ನ ಅಮ್ಮ ಹೇಳಲೂ ಇಲ್ಲ." ಅವನು ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ ಅಡಿಗೆಕೋಣೆಯ ಕಡೆ ತಿರುಗಿದ. "ಮಾಂಯ್, ಒಲೆಯ ಹೊಗೆಯಲ್ಲಿ ಎಷ್ಟು ಹೊತ್ತು ಕೂರ್ತೀರಿ? ಹೊರಗೆ ಬನ್ನಿ."

ಮದುವೆಗೆ ಮೊದಲೇ, ಅಳಿಯ ಅತ್ತೆಯನ್ನು ಕರೆಯುವ ಹಾಗೆ, ಮಾಂಯ್ ಎಂದು ಕರೆದುಬಿಟ್ಟ.

ಹೆಲನ್‌ಬಾಯಿ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು, ಹೊಗೆಗೋ ಅಳುವಿಗೋ.

"ನಾಳೆ ಪೂಜೆ ಮುಗಿದ ಮೇಲೆ ನಾನೇ ಬಂದು ನಿಮ್ಮ ತಾಯಿಗೆ ಎಲ್ಲ ಹೇಳ್ತೇನೆ, ಮಗಾ. ಅವರು ಬೇಡ ಅಂದರೆ..."

"ಬನ್ನಿ. ಅಮ್ಮ ಬೈದಾರು. ಬೈದು ಊಟಕ್ಕೆ ಕೂರಿಸಿಯಾರು. ನನ್ನ ಮಾತು ಮಾತ್ರ ಬದಲಾಗುವುದಿಲ್ಲ."

ತಾಯಿ ಕಾಫಿ ತರಲು ಒಳಗೆ ಹೋದರು. ಮೆಟ್ಟಿಲು ಹತ್ತಬಾರದಲ್ಲ, ಅವನು ಅಂಗಳದಲ್ಲೇ ನಿಂತ. ಅವಳು ತೆಂಗಿನ ನಾರು, ಬೂದಿ, ನೀರು ತಂದಳು. ಇಬ್ಬರೂ ಕೂತು ಕೈ ಉಜ್ಜಿಕೊಂಡರು. ಎಣ್ಣೆ ಅಷ್ಟು ಸುಲಭಕ್ಕೆ ಹೋಗಲಿಲ್ಲ.

"ನಾಳೆ ನಮ್ಮ ಇಗರ್ಜಿಯಲ್ಲೂ ಓದ್ತಾರೆ," ಎಂದ ಅವನು. "ಅದೇ ಹೊತ್ತಿಗೆ."

"ನಾನು ಆ ಪೂಜೆಗೇ ಹೋಗ್ತೇನೆ."

"ಹೆಸರು ಓದುವ ಪೂಜೆಗೆ ಮದುಮಗಳು ಹೋಗುವುದುಂಟಾ? ಜನ ನೋಡ್ತಾರೆ."

"ನೋಡಲಿ. ಹಿಂದಿನ ಭಾನುವಾರಗಳಲ್ಲಿ ಬೆಳಗಿನ ಮೊದಲ ಪೂಜೆಗೆ ಹೋಗಿ, ಹೆಸರು ಓದುವಾಗ ಮನೆಯಲ್ಲಿ ಅಡಗಿ ಕೂತೆ. ನಿಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಹೇಗೆ ಕೇಳ್ತದೆ ಅಂತ ನನಗೆ ಇನ್ನೂ ಗೊತ್ತಿಲ್ಲ."

ಅವನು ಅವಳ ಕೈಗೆ ನೀರು ಹೊಯ್ದ.

"ಕೇಳಿದ ಮೇಲೆ ನನಗೆ ಹೇಳ್ತೀರಾ?"

"ಮದುವೆಯ ದಿನ ಹೇಳ್ತೇನೆ."

"ಅಷ್ಟು ದಿನ ಕಾಯಬೇಕಾ?"

"ಕಾಯಿರಿ," ಎಂದಳು ಬೆನಿಟಾ. ಅವಳು ಈಗ ಅವನ ಮುಖವನ್ನೇ ನೋಡುತ್ತಿದ್ದಳು. "ನಾನೂ ಕಾಯ್ತೇನಲ್ಲ."